ಒಂದೂವರೆ ಇಂಚು

ಕಟ್ಟಿನಕೆರೆ ಮಾರ್ಕೆಟ್ಟಿನ ಬೆನ್ನಿಗೆ ನನ್ನ ಅಂಗಡಿ.
ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಅಪರೂಪಕ್ಕೊಂದು ಟೇಪ್‌ರೆಕಾರ್ಡರು.
ಬಲ್ತಜಾರ್ ಪಿಂಟೊ, ತೋಟದ ರೈಟರು,
ಸಕಲೇಶಪುರದಿಂದ ಬಸ್ಸಲ್ಲಿ ಮಡಿಲಲ್ಲಿಟ್ಟು ತಂದದ್ದು
ಕರುಳು ಹೊರಗೆ ಬಂದ ಒಂದು ಕ್ಯಾಸೆಟ್ಟು.

'ಕಂಟ್ರಿ' ಅಂದರು.
ನನಗೆ ಗೊತ್ತಿದ್ದ ಕಂಟ್ರಿ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು.
'ಅದಲ್ಲ ಮಾರಾಯ, ನಾಟಿ ಕೋಳಿ ಇಲ್ಲವಾ, ಹಾಗೆ
ನಾಟಿ ಹಾಡು, ಅವರ ದೇಶದ್ದು.
ಹತ್ತು ಹಾಡು. ಹತ್ತೂ ಪ್ರೀತಿಯದು.'
ಹೇಳಿ, ಕಿವಿ ಕೆಂಪಗೆ ಮಾಡಿಕೊಂಡು, ಚಹಾ ಕುಡಿಯದೆ ಹೋದರು.

ಆರು ಮೂಲೆಯ ಪೆನ್ಸಿಲ್ಲಿಗೆ ಸಿಕ್ಕಿಸಿ ಸುತ್ತಿದೆ.
ಐದನೆಯ ಹಾಡು ಮುಗಿಯುವಲ್ಲಿ ಟೇಪು
ಒಣ ಬಾಳೆನಾರಿನಂತೆ ಹುರಿಯಾಗಿತ್ತು;
ಬ್ಲೇಡಿನಿಂದ ಒಂದೂವರೆ ಇಂಚು ತೆಗೆದು
ಹೆಂಡತಿಯ ಉಗುರುಬಣ್ಣದಲ್ಲಿ ಅಂಟಿಸಿದೆ.
(ಗೋಂದು ಹಿಡಿಯುವುದಿಲ್ಲ. ಕಲಿತದ್ದು ಕೆಡಿಸಿ ಕೆಡಿಸಿ.)

ರಾತ್ರಿ ಹಾಕಿ ನೋಡಿದೆವು.
ಗಿಟಾರು; ಅದರ ಹಿಂದೆ ಕುದುರೆ ನಡೆದಂತೆ ಏನೋ;
ಮೂಗಿನಿಂದ ಅರ್ಧ, ಎದೆಯಿಂದ ಅರ್ಧ ಹಾಡುವ ಗಂಡಸು.
ವಿಶಾಲು ಅವರೆಕಾಯಿ ಸುಲಿಯುತ್ತಾ ಅಂದಳು:
'ಮಾತು ಮಾತಿಗೂ ಹನಿ ಹನಿ ಅಂತಾನಲ್ಲ,
ಪಾಪ, ಅವನ ಮನೆ ನಲ್ಲಿ ಸೋರ್ತಿರಬೇಕು.'

ಹಾಡಿನ ನಡುನಡುವೆ ನಾಯಿ ಬೊಗಳಿತು, ಲೋಟ ಬಿತ್ತು.
ಧಣಿಗಳ ಬಂಗಲೆಯಲ್ಲಿ ರೆಕಾರ್ಡು ತಿರುಗುವಾಗ
ಎದುರು ಮೈಕು ಹಿಡಿದು ತುಂಬಿಕೊಂಡದ್ದು ಅದು.

ಪಿಂಟೊ ಬರಲಿಲ್ಲ. ಹದಿನೆಂಟು ದಿನಕ್ಕೆ
ಅವರ ಹೆಂಡತಿ ಬಂದರು, ಸೆವ್ರಿನ್ ಬಾಯಿ,
ಛತ್ರಿ, ಮಾರ್ಕೆಟ್ಟಿನ ಚೀಲ, ಅವಸರ.
'ಐದರ ಕೊನೆ ಹಾಕಿ' ಎಂದು ಸ್ಪೀಕರಿಗೆ ಕಿವಿ ಕೊಟ್ಟರು.
ಹುಡುಗನೊಬ್ಬ ಕೊಂಕಣಿಯಲ್ಲಿ ಏನೋ ಕೇಳಿದ.
ಟಕ್.
ಆರನೆಯ ಹಾಡು.

'ಇಲ್ಲಿ ನಾನು ವ್ಹಯ್ ಅಂದಿದ್ದೆ' ಅಂದರು.
'ಹ್ಞೂಂ ಅಂತ.'

ನನ್ನ ನಾಲಿಗೆ ಒಣಗಿತು. ಬ್ಲೇಡು, ಹುರಿ, ಎಲ್ಲ ವಿವರಿಸಿದೆ.
ಅವರು ನಕ್ಕರು: 'ಬಿಡಿ, ಮೂವತ್ತೊಂದು ವರ್ಷದಲ್ಲಿ
ಇಲ್ಲ ಅಂದದ್ದೇ ಜಾಸ್ತಿ. ಅದನ್ನು ಯಾರೂ ತುಂಬಿಕೊಳ್ಳಲಿಲ್ಲ.'
ಎಪ್ಪತ್ತು ರೂಪಾಯಿ ಎಣಿಸಿ ಕೊಟ್ಟು
ಹತ್ತು ವಾಪಸು ಕೇಳಿ ಪಡೆದರು.

ಹೋದ ಮೇಲೆ ಮೇಜಿನಡಿ ಕಸ ಜಾಲಾಡಿದೆ.
ಸಿಕ್ಕಿತು, ತಿರುಚಿದ ಕಂದು ಚೂರು,
ಸ್ಕ್ರೂ ಡಬ್ಬಿಯ ತಳಕ್ಕೆ ಅಂಟಿ.
ಬಲ್ಬಿಗೆ ಹಿಡಿದೆ. ಬೆಳಕು ದಾಟಲಿಲ್ಲ.
ಓಡಿ ಹೋಗಿ ಕೊಡಬಹುದಿತ್ತು; ಅವರಿನ್ನೂ
ಸೊಪ್ಪಿನವಳ ಹತ್ತಿರ ಚೌಕಾಸಿಯಲ್ಲಿದ್ದರು.
ಯಾಕೋ ಹಿಡಿದುಕೊಂಡೇ ನಿಂತೆ.
ಹಿಂದಿನ ಮನೆಯ ಕಡೆ ತಿರುಗಿ ಕೂಗಿದೆ: 'ವಿಶಾಲೂ...'

'ಏನ್ರೀ' ಎಂದಳು, ಕುಕ್ಕರಿನ ಸದ್ದಿನ ಮೇಲೆ. 'ಗ್ಯಾಸಿನವನಾ?'