ಎಲೆಯ ಬಾಯಿ

ಪೆರ್ಲದ ಶಾಲೆಯಲ್ಲಿ ನಾನು ಗಾಜು ತೊಳೆಯುವವ.
ಇಪ್ಪತ್ತೆರಡು ವರ್ಷ ಮೇಷ್ಟ್ರುಗಳು ಹೇಳಿದ್ದನ್ನೆಲ್ಲ
ಕಿಟಕಿ ಪಕ್ಕ ನಿಂತು ಕೇಳಿದ್ದೇನೆ;
ಪರೀಕ್ಷೆ ಬರೆದಿಲ್ಲ, ಅಷ್ಟೆ.

ಈ ಜೂನಿನಲ್ಲಿ ಬಂದ ಬಿನ್ಸಿ ಟೀಚರಿಗೆ ಕನ್ನಡ ಬಾರದು.
ಬೋರ್ಡಿನಲ್ಲಿ ಎಲೆ ಬಿಡಿಸಿ, ನಡುನರ ಎಳೆದು,
ಸೀಮೆಸುಣ್ಣ ಹಿಡಿದು ನಿಂತುಬಿಟ್ಟರು.
‘ಇಲ,’ ಎಂದರು.
‘ಎಲೆ,’ ಎಂದವು ಮಕ್ಕಳು.
ಹಿಂದಿನ ಬೆಂಚಿನ ದೇಜು, ಮೆಲ್ಲಗೆ, ‘ಇರೆ.’

ಅಂಗಳದ ಹೂಕುಂಡದಿಂದ ಒಂದೆಲೆ ಕಿತ್ತು ತಂದೆ,
ಮೇಲೆ ಹಸಿರು, ಅಡಿಗೆ ನೇರಳೆ.
ಮುರಿದು ಎಳೆದರೆ ಅಡಿಯ ಸಿಪ್ಪೆ
ಈರುಳ್ಳಿ ಪೊರೆಯಂತೆ ಬಿಟ್ಟುಬರುತ್ತದೆ.
ಒಂದು ಹನಿ ನೀರು, ಮೇಲೊಂದು ಗಾಜು.
ಫಾಯಿಜಾ ಒಂದು ಕಣ್ಣು ಮುಚ್ಚಿ ಬಗ್ಗಿದಳು:
ನೇರಳೆ ಹಾಸುಗಲ್ಲಿನ ನಡುನಡುವೆ
ಹಸಿರು ತುಟಿ, ಜೋಡಿ ಜೋಡಿ.
‘ಟೀಚರ್, ಬಾಯಿ!’
‘ವಾಯ,’ ಎಂದರು ಟೀಚರ್. ಮೊದಲ ಸಲ ನಕ್ಕರು.

ನಾನು ಗಾಜಿನಂಚಿಗೆ ಉಪ್ಪುನೀರು ಬಿಟ್ಟೆ.
ನೋಡನೋಡುತ್ತ ತುಟಿ ಸೊರಗಿ
ಒಂದೊಂದೇ ಬಾಯಿ ಮುಚ್ಚಿತು.

ತೆರೆದರೆ ಒಳಗಿನ ನೀರು ಆರಿಹೋಗುತ್ತದೆ.
ಮುಚ್ಚಿದರೆ ಗಾಳಿಯಿಲ್ಲ,
ಗಾಳಿಯಿಲ್ಲದೆ ಬಿಸಿಲು ಬರೀ ಬಿಸಿಲು,
ಅನ್ನವಾಗುವುದಿಲ್ಲ.
ಇದನ್ನು ಹೇಗೆ ಹೇಳುವುದೆಂದು
ಟೀಚರ್ ನನ್ನ ಕಡೆ ನೋಡಿದರು.
ನನ್ನ ಬಾಯಿ ಒಣಗಿತ್ತು.

ಪಂಚೆಗೆ ಕೈ ಒರೆಸಿಕೊಂಡು
ಬೋರ್ಡಿನ ಹತ್ತಿರ ಹೋದೆ.
ಅವರು ಕೊಟ್ಟ ಸುಣ್ಣದ ಕಡ್ಡಿ
ಇನ್ನೂ ಬೆಚ್ಚಗಿತ್ತು.