ಗುಂಡಿಯ ನಾಷ್ಟಾ

ತಂದ ದಿನ ಅದು ಜೀನ್ಸ್ ಪ್ಯಾಂಟಿನ ಗುಂಡಿಗಿಂತ ಚೂರೇ ದೊಡ್ಡದು,
ಅದಕ್ಕೇ ಗುಂಡಿ ಅಂತ ಕರೆದಳು ನನ್ನ ಮಗಳು ನಿಖಿತಾ.
ಕಿವಿ ಹತ್ತಿರ ಕೆಂಪು ಪಟ್ಟಿ.
ಮೋತಿ ಸರ್ಕಲ್ಲಿನ ಮೀನಂಗಡಿಯವ
ಪ್ಲಾಸ್ಟಿಕ್ ಚೀಲಕ್ಕೆ ನೀರು ಹಾಕಿ, ಕಟ್ಟಿ ಕೊಟ್ಟ.
"ಏನ್ ಹಾಕಿದ್ರೂ ತಿಂತೈತಕ್ಕಾ."

ತಿಂತು.
ಬೆಳಗಿನ ಒಗ್ಗರಣೆಯೊಳಗಿನ ಮಂಡಾಳು,
ಮಿರ್ಚಿಯ ಕರಿದ ಅಂಚು,
ಚಾದಲ್ಲಿ ಅದ್ದಿದ ಬನ್ನು.
ಓವರ್‌ಟೈಮ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಬಂದರೂ
ಟಬ್ಬಿನ ಅಂಚಿಗೆ ಮುಂಗಾಲು ಕೊಟ್ಟು ಕತ್ತು ಚಾಚೋದು.
ಕತ್ತು ಚಾಚಿದವರಿಗೆ ಇಲ್ಲ ಅನ್ನೋದು
ನನ್ನ ಕೈಲಿ ಆಗಲ್ಲ.

ಬಿಸಿಲು ಮಾತ್ರ ತಾಕಿಸಲಿಲ್ಲ.
ಬಳ್ಳಾರಿ ಬಿಸಿಲು ಯಾರಿಗೆ ಬೇಕು?
ಕೋಟೆಯ ಬಂಡೆ ಹಗಲಿಡೀ ಕಾದು
ರಾತ್ರಿ ಊರ ಮೇಲೆ ಉಸಿರು ಬಿಡೋ ಏಪ್ರಿಲ್ಲಿನಲ್ಲಿ
ಕೂಲರಿನ ಎದುರು ನಮ್ಮ ಚಾಪೆಗಿಂತ ಮೊದಲು
ಅದರ ಟಬ್ಬು ಇಡ್ತಿದ್ದೆ.

ಒಂದು ಸಲ ನೀರು ಬದಲಿಸುವಾಗ
ಹೆಬ್ಬೆರಳು ಚಿಪ್ಪಿಗೆ ಒತ್ತಿತು.
ಒಳಗೆ ಹೋಯಿತು.
ಕಲ್ಲು ಇರಬೇಕಾದ ಕಡೆ ನೆನೆದ ರಟ್ಟು.

ದನದಾಸ್ಪತ್ರೆಯಲ್ಲಿ ನನ್ನ ಮುಂದೆ ಒಂದು ಎಮ್ಮೆ, ಎರಡು ಟಗರು.
ನಾನು ಟಿಫನ್ ಡಬ್ಬಿ ಹಿಡಿದು ನಿಂತವಳು.
"ಒಳಗೇನೈತಮ್ಮಾ?" ಅಂದ ಟಗರಿನ ಯರ್ರಿಸ್ವಾಮಿ.
ಮುಚ್ಚಳ ತೆಗೆದೆ. ನಗಲಿಲ್ಲ ಅವನು.
"ಮೇವು ಏನ್ ಹಾಕ್ತಿ?"
ಹೇಳೋಕೆ ನಾಚಿಕೆಯಾಯಿತು.

ಎಮ್ಮೆಗೆ ಬರೆಯೋ ಚೀಟಿಯ ಮೇಲೇ ಡಾಕ್ಟರಮ್ಮ ಬರೆದರು:
ಮಂಡಾಳು ಬಂದ್, ಬನ್ನು ಬಂದ್, ಉಪ್ಪು ಸೋಕಿದ್ದೆಲ್ಲಾ ಬಂದ್.
ನುಗ್ಗೆ ಸೊಪ್ಪು, ದಾಸವಾಳದ ಎಲೆ, ಒಂದಿಷ್ಟು ಗಜ್ಜರಿ ತುರಿ.
ಪಾಲಕ್ ಬೇಡ, ಸುಣ್ಣ ಮೈಗೆ ಹತ್ತಗೊಡಲ್ಲ.
ವಾರಕ್ಕೆರಡು ಸಲ ಎರೆಹುಳ, ಇಲ್ಲಾ ಬೆರಳುದ್ದದ ಮೀನು, ಮುಳ್ಳಿನ ಸಮೇತ.
ನೀರಲ್ಲಿ ಸಮುದ್ರನೊರೆಯ ತುಂಡು, ಹಕ್ಕಿ ಅಂಗಡಿಯಲ್ಲಿ ಸಿಗ್ತದೆ.
ಕೊನೆಗೆ, ಕೆಳಗೆ ಎರಡು ಗೆರೆ ಎಳೆದು:
ಬಿಸಿಲು.

"ಬಿಸಿಲಾ?" ಅಂದೆ.
"ಬಳ್ಳಾರಿಯಾಗಿದ್ದು ಬಿಸಿಲಿಲ್ದೆ ಮೆತ್ತಗಾಗೈತೆ ನೋಡಮ್ಮಾ ಇದು."
ನನ್ನ ಪರ್ಸಿನಲ್ಲಿ ಇನ್ನೊಂದು ಚೀಟಿ ಇತ್ತು,
ಮನುಷ್ಯರ ಡಾಕ್ಟರದು, ಮೊಣಕಾಲು ನೋವಿನದು.
ವಾರಕ್ಕೊಂದು ಮಾತ್ರೆ ನುಂಗ್ತಿದ್ದೆ.
ಕೊನೇ ಸಾಲು ಓದಿರಲಿಲ್ಲ.

ಸೊಪ್ಪು ಮುಟ್ಟಲಿಲ್ಲ ಗುಂಡಿ.
ಒಂದು ದಿನ ಅಲ್ಲ, ಒಂಬತ್ತು ದಿನ.
ಹಿಂದಿನ ಮನೆಯ ಸುಂಕಮ್ಮನ ದಾಸವಾಳ ಬೋಳಾಯಿತು,
ಎಲೆ ನೀರ ಮೇಲೆ ತೇಲಿ, ಕಪ್ಪಾಗಿ, ತಳ ಸೇರಿತು.
ಒಂದೇ ಒಂದು ಮಂಡಾಳು ಹಾಕೋಣ ಅಮ್ಮಾ, ಅಂತ ಅತ್ತಳು ನಿಖಿತಾ.
ಡಬ್ಬಿಯ ಬಾಯಿಗೆ ಜೀನ್ಸಿನ ದಾರ ಬಿಗಿದು ಅಟ್ಟಕ್ಕೆ ಹಾಕಿದೆ.
ಆ ರಾತ್ರಿ ಎದ್ದು
ಅಟ್ಟದ ಕೆಳಗೆ ನಿಂತಿದ್ದವಳು ನಾನೇ.
ಕತ್ತಲಲ್ಲಿ ಉಗುರು ಟಬ್ಬು ಕೆರೆಯೋ ಸದ್ದು.

ಹತ್ತನೇ ದಿನ, ಮಾಳಿಗೆಯ ಮೇಲೆ, ಎಂಟು ಗಂಟೆ ಬಿಸಿಲು.
ಟಬ್ಬಿನ ಇಟ್ಟಿಗೆ ಏರಿ, ಹಿಂಗಾಲೆರಡೂ ಹಿಂದಕ್ಕೆ ಚಾಚಿ
ಪಡಸಾಲೆಯ ಗೌಡನ ಹಾಗೆ ಬಿದ್ದುಕೊಂಡಿತು.
ನಾನೂ ಸೀರೆ ಮೊಣಕಾಲಿಗೆ ಸರಿಸಿ ಕೂತೆ.
ಹನ್ನೆರಡು ವರ್ಷ ಟ್ಯೂಬ್‌ಲೈಟಿನ ಕೆಳಗೆ
ಪೆಡಲು ತುಳಿದ ಕಾಲು. ಸುಣ್ಣದ ಗೋಡೆಯಂಗೆ ಬಿಳುಪು.
ಆಚೀಚೆ ಯಾರಾದರೂ ನೋಡ್ತಾರಾ ಅಂತ ನೋಡಿದೆ,
ಆಮೇಲೆ ಬಿಟ್ಟೆ.

ಎಷ್ಟು ಹೊತ್ತಿಗೋ ನೀರಿಗೆ ಜಾರಿತು.
ನುಗ್ಗೆಯ ಎಸಳೊಂದನ್ನು ನೀರೊಳಗೆ ಹಿಡಿದಿದ್ದೆ, ಆಸೆಯೇನಿಲ್ಲದೆ.
ಅದು ನೋಡಿದ್ದು ಎಲೆಯನ್ನಲ್ಲ,
ಬಣ್ಣ ಹತ್ತಿ ನೀಲಿಯಾದ ನನ್ನ ಉಗುರನ್ನು.
ಅದಕ್ಕೇ ಬಾಯಿ ಹಾಕಿತು.
ಎಲೆ ನಡುವೆ ಸಿಕ್ಕಿಬಿತ್ತು.
ಅಗಿಯಿತು. ನಿಂತಿತು. ಮತ್ತೆ ಅಗಿಯಿತು.

ಈಗಲೂ ಹಾಗೇ. ಸೊಪ್ಪಿನ ಜೊತೆ ಬೆರಳು ಬೇಕು ಅದಕ್ಕೆ.
ಚಿಪ್ಪು ಇನ್ನೂ ಅಂಚಲ್ಲಿ ಮೆತ್ತಗಿದೆ,
ನಡುವೆ ಒತ್ತಿದರೆ ಒತ್ತಿಸಿಕೊಳ್ಳಲ್ಲ.
ಯೂನಿಟ್ಟಿನಲ್ಲಿ ಪಕ್ಕದ ಮಷೀನಿನ ಶಹನಾಜ್
ನನ್ನ ಬೆರಳು ನೋಡಿ ಕೇಳ್ತಾಳೆ,
"ಸೂಜಿ ಹೊಕ್ಕಿತೇನೇ?"
ಇಲ್ಲ ಅಂತೀನಿ,
ನಾಷ್ಟಾ ಮಾಡಿಸಿ ಬಂದೆ.