ಒಂದೇ ಗೀರು

ಟೆಂಡರ್ ಪೆಟ್ಟಿಗೆ ಈಗ ದಾಖಲೆ ಕೋಣೆಯಲ್ಲಿದೆ.
ಸಾಗವಾನಿ ಕಟ್ಟಿಗೆ, ಹಿತ್ತಾಳೆ ಬಾಯಿ,
ಎರಡು ಕೀಲಿ: ಒಂದು ಸಾಹೇಬರಲ್ಲಿ,
ಇನ್ನೊಂದು ನನ್ನ ಸೆರಗಿನ ಗಂಟಿನಲ್ಲಿ ಇರುತ್ತಿತ್ತು.
ಈಗ ಅದರ ಮೇಲೆ ದಸ್ತಗೀರಸಾಬ
ಚಹಾದ ಕೆಟಲಿ ಇಡುತ್ತಾನೆ.

ಬಾಗಲಕೋಟೆಯ ನವನಗರಕ್ಕೆ ಆಫೀಸು ಹೊಸದಾಗಿ ಬಂದಾಗ
ಟೆಂಡರಿನ ದಿನ ಗೊತ್ತಾಗುತ್ತಿದ್ದುದು
ಕ್ಯಾಲೆಂಡರಿನಿಂದಲ್ಲ,
ಗೇಟಿನ ಬೇವಿನ ಗಿಡದ ಕೆಳಗೆ ನಿಂತ ಬುಲೆಟ್ ಗಾಡಿಗಳಿಂದ.
ಹತ್ತು ಹುಡುಗರು. ಬಾಯಲ್ಲಿ ಗುಟಕಾ, ಕೈಯಲ್ಲಿ ಏನೂ ಇಲ್ಲ.
ಹೊರಗಿನವನೊಬ್ಬ ಲಕೋಟೆ ಹಿಡಿದು ಬಂದರೆ
"ಬರ್ರಿ ಕಾಕಾ, ಚಾ ಕುಡಿಯೂಣು" ಅಂತ
ಹೆಗಲ ಮೇಲೆ ಕೈ ಹಾಕಿ ಕರೆದೊಯ್ಯುವರು.
ಪೆಟ್ಟಿಗೆಯ ಬಾಯಿ ಮೂರಕ್ಕೆ ಮುಚ್ಚುತ್ತಿತ್ತು.
ಚಹಾ ಅದಕ್ಕೂ ಮುಂಚೆ ಮುಗಿಯುತ್ತಿರಲಿಲ್ಲ.

ಆಮೇಲೆ ದಸ್ತಗೀರ ಮೇಣಬತ್ತಿ ಹಚ್ಚಿ
ಅರಗು ಕರಗಿಸಿ ಮುದ್ರೆ ಒತ್ತುವನು.
ಆ ವಾಸನೆ ಸೀರೆಗೆ ಹತ್ತಿ ನನ್ನ ಜೋಡಿ ಮನೆತನಕ ಬರುತ್ತಿತ್ತು.
"ಇವತ್ತ ಯಾರಿಗಾತು?" ಅಂತ ಓಣಿಯವರು ಕೇಳುವರು.
ಲಕೋಟೆ ಇನ್ನೂ ಒಡೆದಿರುತ್ತಿರಲಿಲ್ಲ;
ಉತ್ತರ ಮಾತ್ರ ಅವರಿಗೇ ಗೊತ್ತಿರುತ್ತಿತ್ತು.

ಈಗ ಗೇಟಿನಲ್ಲಿ ಯಾರೂ ಇಲ್ಲ.
ಬೇವಿನ ಗಿಡಕ್ಕೆ ಒಂದು ಎಮ್ಮೆ ಮೈ ತಿಕ್ಕುತ್ತದೆ.
ಕೀಲಿ ಅಂದರೆ ಕಿರುಬೆರಳಷ್ಟು ಪ್ಲಾಸ್ಟಿಕ್ಕು,
ಕಂಪ್ಯೂಟರಿಗೆ ಚುಚ್ಚಿ ಗುಪ್ತಸಂಖ್ಯೆ ಒತ್ತಬೇಕು.
ಗಳಿಗೆ ತುಂಬುವ ಒಂದು ಸೆಕೆಂಡು ಮುಂಚೆ
ಸಾಕ್ಷಾತ್ ಸಾಹೇಬರೇ ಕೇಳಿದರೂ ಅದು ಬಾಯಿ ಬಿಡದು.
ಹೊಸ ಪದ್ಧತಿ ಬಂದ ವರ್ಷ
ಗಲಗಲಿ ಶಂಕ್ರೆಪ್ಪನವರು ಫೋನು ಮಾಡಿ
"ಅಕ್ಕಾರ, ಎಷ್ಟ ಮಂದಿ ಹಾಕ್ಯಾರ್ರಿ?" ಅಂದರು.
"ಗೊತ್ತಿಲ್ರಿ" ಅಂದೆ.
ನೌಕರಿಗೆ ಸೇರಿದ ಮೇಲೆ ಮೊದಲ ಸಲ
ಆ ಮಾತು ಖರೇ ಇತ್ತು.
ಫೋನಿಟ್ಟು ಒಂದು ತಂಬಿಗೆ ನೀರು ಕುಡಿದೆ.
ಇಷ್ಟು ತಂಪು ಇತ್ತೇ ಈ ಮಡಕೆಯಲ್ಲಿ!

ಮೊನ್ನೆ ಗುರುವಾರ
ಬೀಳಗಿ ಕಡೆಯ ಒಂದು ಹಳ್ಳದ ಸೇತುವೆ.
ಒಂದು ಕೋಟಿ ಎಂಬತ್ತೆರಡು ಲಕ್ಷ.
ಹಳ್ಳ ಬಂದರೆ ಅಲ್ಲಿಯ ಹಾಲಿನ ಕ್ಯಾನುಗಳು
ಹನ್ನೊಂದು ಕಿಲೋಮೀಟರು ಸುತ್ತು ಹೊಡೆದು ಡೇರಿಗೆ ಬರುತ್ತವೆ,
ಬರುವಷ್ಟರಲ್ಲಿ ಅರ್ಧ ಒಡೆದಿರುತ್ತದೆ.
ಸಾಹೇಬರು, ನಾನು, ನಮ್ಮ ನಮ್ಮ ಕೀಲಿ ಚುಚ್ಚಿದೆವು.
ಪರದೆಯಲ್ಲಿ ಚಕ್ರ ತಿರುಗಿ ತಿರುಗಿ ನಿಂತಿತು.
ನಾಲ್ಕು ಬಿಡ್.

ಮೊದಲನೆಯವರ ಅನುಭವ ಪತ್ರದ ಎಡಕ್ಕೆ
ಮೇಲಿನಿಂದ ಕೆಳತನಕ ಕೂದಲೆಳೆಯಂಥ ಕರಿ ಗೀರು.
ಸ್ಕ್ಯಾನರಿನ ಗಾಜು ಕೆಟ್ಟಿರಬೇಕು, ಅಂದುಕೊಂಡೆ.
ಎರಡನೆಯವರದರಲ್ಲೂ ಗೀರು.
ಮೂರನೆಯವರದರಲ್ಲಿ, ಗೀರಿನ ನಡುವೆ
ಜೋಳದ ಕಾಳಿನಷ್ಟು ಒಂದು ಚುಕ್ಕೆ.
ಹಿಂದಕ್ಕೆ ಹೋಗಿ ನೋಡಿದೆ. ಚುಕ್ಕೆ ಅಲ್ಲಿಯೂ ಇತ್ತು.
ಮೂರು ಹೆಸರು, ಮೂರು ಊರು, ಮೂರು ಸಹಿ,
ಗಾಜು ಒಂದೇ.
ಚಹಾ ಕುಡಿಯುವ ಜಾಗ ಬದಲಾಗಿದೆ, ಅಷ್ಟೇ.

ನಾಲ್ಕನೆಯದು ಮುಧೋಳದ ನೀಲಗಂಗಾ ಚಿನಿವಾಲರ ಅವರದು.
ಕಾಗದ ಮೊಬೈಲಿನಲ್ಲಿ ತೆಗೆದದ್ದು.
ಮೂಲೆಯಲ್ಲಿ ಹೆಬ್ಬೆರಳು ಬಂದಿತ್ತು,
ಉಗುರಿನ ಸಂದಿಯಲ್ಲಿ ಸಿಮೆಂಟು.
ಒಂದು ಪತ್ರದ ಅವಧಿ ಎರಡು ದಿನದ ಹಿಂದೆ ತೀರಿತ್ತು.
ಯಂತ್ರ ಆಕೆಯನ್ನು ಕೆಂಪು ಮಾಡಿತು.
ಆ ಮೂವರು ಹಸಿರು.

ಮೂರೂ ಹಾಳೆ ಅಚ್ಚು ತೆಗೆದು
ಒಂದರ ಮೇಲೊಂದಿಟ್ಟು ಕಿಟಕಿಗೆ ಒತ್ತಿದೆ.
ಬಿಸಿಲು ಬಂತು. ಗೀರು ಒಂದೇ ಕಂಡಿತು.
ಸಾಹೇಬರು ಬಹಳ ಹೊತ್ತು ನೋಡಿ
"ಗೀರಿಗೆ ನಿಯಮ ಯಾವ ಪುಟದಾಗ ಐತ್ರಿ?" ಅಂದರು.
ಜೋರು ಮಾಡಲಿಲ್ಲ, ಪಾಪ, ನಿಜಕ್ಕೂ ಕೇಳಿದರು.

ಷರಾ ಬರೆಯಲು ಇನ್ನೂರೈವತ್ತು ಅಕ್ಷರದ ಚೌಕ.
ಬರೆದೆ, ಅಳಿಸಿದೆ, ಮತ್ತೆ ಬರೆದೆ:
ಮೂರೂ ಕಾಗದ ಒಂದೇ ಗಾಜಿನ ಮೇಲೆ ಮಲಗಿ ಎದ್ದಿವೆ,
ಮರುಟೆಂಡರು ಕರೆಯುವುದು ಒಳ್ಳೆಯದು.
ಕೀಲಿ ಚುಚ್ಚಿ ಸಹಿ ಮಾಡಿದೆ.
ಅರಗಿನ ವಾಸನೆ ಇಲ್ಲ, ಏನೂ ಇಲ್ಲ.
ಅದು ಮೇಲೆ ಹೋಗಿ ಎಲ್ಲಿ ಕೂಡುತ್ತದೋ,
ಗೊತ್ತಿಲ್ರಿ.

ದಸ್ತಗೀರ ಪೆಟ್ಟಿಗೆಯ ಮೇಲಿನ ಕೆಟಲಿ ಎತ್ತಿದ,
ಕಟ್ಟಿಗೆಯ ಮೇಲೆ ಸುಟ್ಟ ಉಂಗುರ.
ಚಹಾಕ್ಕೆ ಹಾಲು ಹಾಕುವಾಗ ಲೆಕ್ಕ ಹಾಕಿದೆ:
ನನ್ನ ಆ ಎರಡು ಸಾಲಿನಿಂದ
ಇನ್ನೊಂದು ಮಳೆಗಾಲ
ಹನ್ನೊಂದು ಕಿಲೋಮೀಟರು.